ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್: ಎಲ್ಲಿಗೆ ಯಾವುದು? ಹಲಗೆಯ ಮುಖ ಬಿಡಿ, ಅಂಚು ನೋಡಿ

ನಮ್ಮ ಅಡುಗೆಮನೆಯ ಸಿಂಕ್ ಕೆಳಗಿನ ಕಪಾಟಿನ ಬಾಗಿಲು ಒಂದು ದಿನ ಮುಚ್ಚಲೇ ಇಲ್ಲ. ಮನೆಗೆ ಬಂದು ಇನ್ನೂ ಮೂರು ವರ್ಷ ಆಗಿರಲಿಲ್ಲ. ಹಿಂಜ್ ಸಡಿಲ ಆಗಿರಬೇಕು ಅಂದುಕೊಂಡು ಸ್ಕ್ರೂಡ್ರೈವರ್ ಹಿಡಿದು ಕೂತೆ. ಹಿಂಜ್ ಸರಿಯಾಗೇ ಇತ್ತು, ಅದನ್ನು ಹಿಡಿದುಕೊಳ್ಳಬೇಕಿದ್ದ ಹಲಗೆಯೇ ಇರಲಿಲ್ಲ. ಹೊರಗಿನ ಬಿಳಿ ಹಾಳೆ ಏನೂ ಆಗದವರ ಹಾಗೆ ನಿಂತಿತ್ತು, ಒಳಗಿನದು ಚಹಾದಲ್ಲಿ ಅದ್ದಿದ ರಸ್ಕ್ ತರ ಉಬ್ಬಿ, ಬೆರಳು ಇಟ್ಟರೆ ಉದುರುತ್ತಿತ್ತು. ವಾಟರ್ ಪ್ಯೂರಿಫೈಯರ್ ಪೈಪಿನ ಜಾಯಿಂಟಿನಿಂದ ಹನಿ ಹನಿ ನೀರು ಎಷ್ಟೋ ತಿಂಗಳಿಂದ ಇಳಿದಿತ್ತು. ಕಸದ ಬುಟ್ಟಿಯ ಹಿಂದೆ ಯಾರು ಬಗ್ಗಿ ನೋಡುತ್ತಾರೆ?

ಹಳೇ ಕೊಟೇಶನ್ ಹುಡುಕಿ ತೆಗೆದೆ. ಅದರಲ್ಲಿ ಇದ್ದದ್ದು ಇಷ್ಟೇ: 'ಮೆಟೀರಿಯಲ್: ಎಂಜಿನಿಯರ್ಡ್ ವುಡ್'. ಹೋಟೆಲ್ ಬಿಲ್ಲಿನಲ್ಲಿ 'ಅನ್ನದ ಐಟಂ' ಅಂತ ಬರೆದ ಹಾಗೆ ಇದು. ಬಿಸಿಬೇಳೆಬಾತೂ ಆಗಬಹುದು, ಗಂಜಿಯೂ ಆಗಬಹುದು. ಮರವನ್ನು ಸುಲಿದು, ಪುಡಿ ಮಾಡಿ, ನಾರು ಬಿಡಿಸಿ, ಅಂಟು ಹಾಕಿ ಒತ್ತಿದ ಎಲ್ಲ ಹಲಗೆಗೂ ಆ ಹೆಸರು ಹೊಂದುತ್ತದೆ. ನಿಮ್ಮ ಕೈಯಲ್ಲೂ ಈಗ ಅಂಥ ಕೊಟೇಶನ್ ಇದ್ದರೆ ಸಹಿ ಹಾಕಬೇಡಿ. ಒಂದೊಂದು ಕಪಾಟಿನ ಮುಂದೆಯೂ ಯಾವ ಹಲಗೆ, ಎಷ್ಟು ಎಂಎಂ, ಯಾವ ಐಎಸ್ ನಂಬರ್ (ಭಾರತೀಯ ಗುಣಮಟ್ಟದ ನಂಬರ್), ಒಳಗೆ ಯಾವ ಹಾಳೆ, ಹೊರಗೆ ಯಾವ ಹಾಳೆ ಅಂತ ಬರೆಸಿ ಆಮೇಲೆ ರೇಟಿನ ಮಾತು ಆಡಿ.

ಎರಡನೇ ಸಲ ಮಾಡಿಸುವಾಗ ನಾನು ಸ್ವಲ್ಪ ಹುಚ್ಚನ ಹಾಗೆ ಅಲೆದೆ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್, ಇತ್ತ ಸಿದ್ದಯ್ಯ ರಸ್ತೆ, ಎರಡೂ ಕಡೆ ಅಂಗಡಿಯವರನ್ನು ಕಾಡಿ ಬೇಡಿ ಕತ್ತರಿಸಿ ಉಳಿದ ತುಂಡುಗಳನ್ನು ತಂದೆ. ಪಾರ್ಟಿಕಲ್ ಬೋರ್ಡ್, ಎಂಡಿಎಫ್, ಎಚ್‌ಡಿಎಚ್‌ಎಂಆರ್ (ತೇವ ತಡೆಯುವ ಒತ್ತು ಎಂಡಿಎಫ್), ಎಂಆರ್ ಪ್ಲೈ (ಮಾಮೂಲಿ ಪ್ಲೈ), 710 ಪ್ಲೈ (ಮರೀನ್ ಪ್ಲೈ), ಒಟ್ಟು ಐದು. ಎಲ್ಲದರ ಮೇಲೂ ಪೆನ್ಸಿಲಿನಲ್ಲಿ ಹೆಸರು ಬರೆದು, ಕಲ್ಲು ಹೇರಿ, ಯುಟಿಲಿಟಿಯ ಬಕೆಟ್ ನೀರಲ್ಲಿ ಮೂರು ದಿನ ಮುಳುಗಿಸಿಟ್ಟೆ. ಮನೆಯವರು ದಿನಾ ಬಟ್ಟೆ ನೆನೆಸಲು ಬಕೆಟ್ ಕೇಳುತ್ತಿದ್ದರು, ನಾನು ದಿನಾ ನಾಳೆ ಅನ್ನುತ್ತಿದ್ದೆ.

ಪಾರ್ಟಿಕಲ್ ಬೋರ್ಡ್ ಮಾರನೇ ಬೆಳಿಗ್ಗೆಗೇ ಸೋತಿತ್ತು. 18 ಎಂಎಂ ಇದ್ದದ್ದು ಮೂರನೇ ದಿನ 22 ದಾಟಿ, ಮೂಲೆ ಹಿಡಿದು ಎತ್ತಿದರೆ ಮೂಲೆ ಮಾತ್ರ ಕೈಗೆ ಬಂತು. ಎಂಡಿಎಫ್ ಉದುರಲಿಲ್ಲ, ಆದರೆ ಅಂಚು ಹೂವಿನ ಹಾಗೆ ಅರಳಿತು. ಒಣಗಿದ ಮೇಲೂ ಮತ್ತೆ ಮೊದಲಿನ ಹಾಗೆ ಆಗಲಿಲ್ಲ. ಎಂಆರ್ ಪ್ಲೈನ ಒಂದು ಮೂಲೆಯಲ್ಲಿ ಪದರ ಬಾಯಿ ಬಿಟ್ಟಿತ್ತು. ಎಚ್‌ಡಿಎಚ್‌ಎಂಆರ್ ಅಂಚು ಮುಟ್ಟಿದರೆ ಗೊತ್ತಾಗುವಷ್ಟು ದಪ್ಪ ಆಗಿತ್ತು, ನೋಡಿದರೆ ಗೊತ್ತಾಗುತ್ತಿರಲಿಲ್ಲ. 710 ಪ್ಲೈ ಒದ್ದೆ ಆಗಿತ್ತು, ಅಷ್ಟೇ.

ಇದು ಲ್ಯಾಬ್ ಪರೀಕ್ಷೆ ಅಲ್ಲ, ಒಂದು ಬಕೆಟ್ ಪರೀಕ್ಷೆ. ಆದರೂ ಹಲಗೆಯೊಳಗೆ ಏನಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪಾಠ ಸಿಗಲಿಲ್ಲ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರು, ಹೊಟ್ಟು, ಕೆಲವು ಕಡೆ ಕಬ್ಬಿನ ಸಿಪ್ಪೆ ಕೂಡ, ಅಂಟಿನ ಜೊತೆ ಬಿಸಿ ಪ್ರೆಸ್ಸಿನಲ್ಲಿ ಅದುಮಿದ್ದು. ಅದುಮಿದ್ದಕ್ಕೆ ನೀರು ಸಿಕ್ಕರೆ ಮತ್ತೆ ಉಬ್ಬುವುದು ಸಹಜ. ಎಂಡಿಎಫ್‌ನಲ್ಲಿ ಮರವನ್ನು ನಾರಿನ ಮಟ್ಟಕ್ಕೆ ಬಿಡಿಸಿರುತ್ತಾರೆ, ಹಾಗಾಗಿ ಮೈ ಬೆಣ್ಣೆಯ ಹಾಗೆ ನುಣುಪು. ಎಚ್‌ಡಿಎಚ್‌ಎಂಆರ್ ಅದೇ ಜಾತಿ, ಇನ್ನೂ ಒತ್ತಾಗಿ ಅದುಮಿ, ತೇವ ತಡೆಯುವ ಅಂಟು ಹಾಕಿದ್ದು. ಪ್ಲೈವುಡ್‌ನ ಕಥೆಯೇ ಬೇರೆ. ದಿಮ್ಮಿಯನ್ನು ಚಾಪೆ ಬಿಚ್ಚಿದ ಹಾಗೆ ತೆಳ್ಳಗೆ ಸುಲಿದು, ಒಂದು ಪದರದ ನಾರು ಉದ್ದಕ್ಕೆ ಇದ್ದರೆ ಮುಂದಿನದು ಅಡ್ಡಕ್ಕೆ ಬರುವ ಹಾಗೆ ಜೋಡಿಸುತ್ತಾರೆ. ಮರ ಉಬ್ಬುವುದು ನಾರಿನ ಅಡ್ಡಕ್ಕೆ ಜಾಸ್ತಿ, ಉದ್ದಕ್ಕೆ ತೀರಾ ಕಡಿಮೆ. ಹಾಗಾಗಿ ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ್ದು ಅದನ್ನು ಹಿಡಿದು ಕೂರಿಸುತ್ತದೆ. ಎಲ್ಲಿಯವರೆಗೆ? ನಡುವಿನ ಅಂಟು ಬಿಡದೆ ಇರುವವರೆಗೆ.

ಅಂದರೆ ಪ್ಲೈ ಕೊಳ್ಳುವಾಗ ನೀವು ಕೊಳ್ಳುತ್ತಿರುವುದು ಮುಕ್ಕಾಲು ಪಾಲು ಅಂಟನ್ನು. ಎಂಆರ್ ಅಂದರೆ ತೇವ ತಡೆಯುವುದು ಅಂತ ಮಾತ್ರ ಅರ್ಥ, ನೀರು ತಡೆಯುವುದು ಅಂತ ಅಲ್ಲ. ಅಂಗಡಿಯಲ್ಲಿ ಇದನ್ನು 'ಕಮರ್ಷಿಯಲ್' ಅನ್ನುತ್ತಾರೆ. ಇದರಲ್ಲಿ ಸಾಮಾನ್ಯವಾಗಿ ಯೂರಿಯಾ ಅಂಟು, ಕತ್ತರಿಸಿದ ಅಂಚಿನಲ್ಲಿ ಅಂಟಿನ ಗೆರೆ ತಿಳಿ ಬಣ್ಣಕ್ಕೆ ಇರುತ್ತದೆ. ಬಿಡಬ್ಲ್ಯುಆರ್, ಬಿಡಬ್ಲ್ಯುಪಿ ಎರಡೂ ಕುದಿಯುವ ನೀರಿನ ಲೆಕ್ಕದವು. ಅದಕ್ಕೆ ಫಿನಾಲ್ ಅಂಟು, ಗೆರೆ ಕಡು ಕಂದು. ಮರೀನ್ ಪ್ಲೈ ಅಂತ ಕರೆಯುವ ಐಎಸ್ 710ಕ್ಕೆ ತುಂಡನ್ನು 72 ಗಂಟೆ ಕುದಿಸಿ ನೋಡುವ ಪರೀಕ್ಷೆ ಇದೆ. ಮೂರು ದಿನ ಮೂರು ರಾತ್ರಿ! ನನ್ನ ಬಕೆಟ್ ತಣ್ಣೀರು ಅದರ ಮುಂದೆ ಏನೂ ಅಲ್ಲ.

ಕೆಂಪು ಬಣ್ಣ ನೋಡಿ ಮರುಳಾಗಬೇಡಿ. ಕೆಂಪಗಿದ್ದರೆ ಮರೀನ್ ಅನ್ನುವುದು ಹಳೇ ನಂಬಿಕೆ. ಹಿಂದೆ ಬರ್ಮಾದಿಂದ ಬರುತ್ತಿದ್ದ ಗರ್ಜನ್ ಮರದ ಮೇಲ್ಪದರ ಕೆಂಪಗಿರುತ್ತಿತ್ತು, ಅದಕ್ಕೇ ಆ ನಂಬಿಕೆ ಬಂದಿರಬೇಕು. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿ ರಫ್ತನ್ನೇ ನಿಲ್ಲಿಸಿತು. ಬಣ್ಣ ಮಾತ್ರ ಉಳಿದುಕೊಂಡಿದೆ, ಡಬ್ಬಿಯಲ್ಲೂ ಸಿಗುತ್ತದೆ. ನಾಲ್ಕೂ ಅಂಚಿಗೆ ದಪ್ಪಗೆ ಪೇಂಟ್ ಬಳಿದ ಶೀಟು ಕಂಡರೆ ನನಗೆ ಮೊದಲು ಬರುವುದೇ ಅನುಮಾನ. ಅಂಚಲ್ಲೇ ಅಲ್ವಾ ಎಲ್ಲ ಕಾಣಬೇಕಾದದ್ದು? ಪದರಗಳ ನಡುವೆ ಸಂದು, ಒಂದರ ಮೇಲೊಂದು ಹತ್ತಿ ಕೂತ ಪದರ, ಅಂಟಿನ ಗೆರೆ, ಎಲ್ಲ. ಮುಖ ನೋಡಿ ಮಣೆ ಹಾಕಬೇಡಿ ಅನ್ನುವ ಮಾತು ಪ್ಲೈವುಡ್‌ಗೆ ಅಕ್ಷರಶಃ ಒಪ್ಪುತ್ತದೆ. ಮೇಲಿನ ಪದರ ಕಾಗದದಷ್ಟು ತೆಳ್ಳಗೆ, ಅದು ಎಷ್ಟು ಚೆಂದ ಇದ್ದರೂ ಒಳಗಿನ ಸುದ್ದಿ ಹೇಳುವುದಿಲ್ಲ. ಒಂದು ನಾಣ್ಯ ತೆಗೆದುಕೊಂಡು ಶೀಟಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಒಂದು ಕಡೆ ಸದ್ದು ಟೊಳ್ಳಾದರೆ ಅಲ್ಲಿ ಸಂದು ಇದೆ. ನಿಮ್ಮ ಸ್ಕ್ರೂ ಸರಿಯಾಗಿ ಅಲ್ಲೇ ಹೋಗಿ ಕೂರುತ್ತದೆ, ಅದು ಅದರ ಹಣೆಬರಹ.

ಒಳಗೆ ಯಾವ ಮರ ಅಂತಲೂ ಕೇಳಿ. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಕೇಸಿನಲ್ಲಿ ಕಾಡು ಕಡಿಯುವುದಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ ಮೇಲೆ ಈಶಾನ್ಯದ ಎಷ್ಟೋ ಪ್ಲೈವುಡ್ ಕಾರ್ಖಾನೆಗಳು ಬಾಗಿಲು ಹಾಕಿದವು, ಕಾಡಿನ ಮರದ ಕಾಲ ಅಲ್ಲಿಗೆ ಬಹುಪಾಲು ಮುಗಿಯಿತು. ಈಗ ಪ್ಲೈ ಅಂದರೆ ಹೊಲದ ಮರ. ಹರಿಯಾಣದ ಯಮುನಾನಗರದಲ್ಲಿ ಪಾಪ್ಲರ್ ಮತ್ತು ನೀಲಗಿರಿ, ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರ. ನಮ್ಮಲ್ಲಿ ರೈತರು ಬೆಳೆಯುವ ಹೆಬ್ಬೇವು, ಕಾಫಿ ತೋಟದ ಸಿಲ್ವರ್ ಓಕ್ ಕೂಡ ಸುಲಿಯುವ ಮಶೀನಿಗೆ ಹೋಗುತ್ತವೆ. ಪಾಪ್ಲರ್ ಹಗುರ, ಮೆದು. ನೀಲಗಿರಿ ಭಾರ, ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತದೆ. ಎರಡನ್ನೂ ಒಂದು ಬಿಟ್ಟು ಒಂದು ಪದರ ಹಾಕಿದ್ದಕ್ಕೆ ವ್ಯಾಪಾರದವರು 'ಆಲ್ಟರ್ನೇಟ್' ಅನ್ನುತ್ತಾರೆ. ಪೂರ್ತಿ ಪಾಪ್ಲರ್ ಆದರೆ ವಾರ್ಡ್‌ರೋಬಿಗೆ ಆದೀತು, ದಿನಾ ಹತ್ತು ಸಲ ಎಳೆಯುವ ಪಾತ್ರೆ ಡ್ರಾಯರಿಗೆ ನಾನು ಹಾಕಿಸುವುದಿಲ್ಲ.

ಒಂದು ಅಂಗಡಿಯಲ್ಲಿ ನಡೆದ ಮಾತು ಹೇಳಲೇಬೇಕು. "ಸಾರ್, 710 ಟೈಪ್ ಇದೆ, ಕೊಡ್ಲಾ?" ಅಂದರು. "ಅಣ್ಣ, ಟೈಪ್ ಬೇಡ, ಮಾರ್ಕ್ ತೋರ್ಸಿ" ಅಂದೆ. ನಕ್ಕುಬಿಟ್ಟರು, ಆಮೇಲೆ ಹಿಂದಿನ ಗೋಡೌನಿಂದ ಬೇರೆ ಶೀಟು ತರಿಸಿದರು. ಶೀಟಿನ ಮೇಲೆ ಐಎಸ್‌ಐ ಮಾರ್ಕ್ ಇದ್ದರೆ ಮೇಲ್ಗಡೆ ಐಎಸ್ ನಂಬರ್, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಅನ್ನುವ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸ್ ಯಾರದ್ದು, ಯಾವ ವಸ್ತುವಿಗೆ, ಚಾಲ್ತಿಯಲ್ಲಿ ಇದೆಯಾ ಅಂತ ಅಲ್ಲೇ ನಿಂತು ನೋಡಬಹುದು. ಎಂಆರ್ ಪ್ಲೈ ಐಎಸ್ 303ರಲ್ಲಿ ಬರುತ್ತದೆ, ಮರೀನ್ 710ರಲ್ಲಿ, ಬ್ಲಾಕ್‌ಬೋರ್ಡ್ (ಶಾಲೆಯ ಕರಿಹಲಗೆ ಅಲ್ಲ, ಒಳಗೆ ಮರದ ಪಟ್ಟಿ ಇರುವ ಹಲಗೆ) 1659ರಲ್ಲಿ, ಎಂಡಿಎಫ್ 12406ರಲ್ಲಿ, ಲ್ಯಾಮಿನೇಟ್ ಅಂಟಿಸಿಯೇ ಬರುವ ಪಾರ್ಟಿಕಲ್ ಬೋರ್ಡ್ 12823ರಲ್ಲಿ. ಇವನ್ನು ಬಾಯಿಪಾಠ ಮಾಡಬೇಕಿಲ್ಲ, ಫೋನಲ್ಲಿ ಬರೆದಿಟ್ಟುಕೊಳ್ಳಿ ಸಾಕು. ರೇಟ್ ಕೇಳುವಾಗ ಚದರಡಿ ರೇಟಿಗೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆಯಾ ಇಲ್ಲವಾ ಅಂತಲೂ ಕೇಳಿ. 32 ಚದರಡಿಯ ಶೀಟು, ಅದನ್ನು ಇಪ್ಪತ್ತು ಮೂವತ್ತರಿಂದ ಗುಣಿಸಿದಾಗ ಆ 18 ಪರ್ಸೆಂಟ್ ಸಣ್ಣದಲ್ಲ.

ಇಷ್ಟು ಹೇಳಿದ್ದಕ್ಕೆ ಇಡೀ ಮನೆಗೆ 710 ಹಾಕಿಸಿಬಿಡೋಣ ಅನ್ನಿಸಬಹುದು. ಬೇಡ. ದುಡ್ಡು ದಂಡ. ಪಾರ್ಟಿಕಲ್ ಬೋರ್ಡನ್ನು ನಾನು ಇಷ್ಟು ಬೈದರೂ, ಒಣಗಿದ ಜಾಗದಲ್ಲಿ, ಎಲ್ಲ ಅಂಚೂ ಮಶೀನಿನಲ್ಲಿ ಮುಚ್ಚಿ, ಒಳ್ಳೆ ಹಾರ್ಡ್‌ವೇರ್ ಹಾಕಿದರೆ ಅದು ವರ್ಷಗಟ್ಟಲೆ ಸುಮ್ನೆ ನಿಂತಿರುತ್ತದೆ. ನಾಗಸಂದ್ರದ ಐಕಿಯಾದಲ್ಲಿ ನೀವು ಮೆಚ್ಚಿ ಕೈ ಸವರಿದ ಕಪಾಟುಗಳಲ್ಲಿ ಎಷ್ಟೋ ಪಾರ್ಟಿಕಲ್ ಬೋರ್ಡಿನವೇ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ನಮ್ಮವರು 'ನಮ್ಮನೇದು ಹತ್ತು ವರ್ಷದಿಂದ ಏನೂ ಆಗಿಲ್ಲ' ಅನ್ನುತ್ತಾರೆ, ಅದೂ ನಿಜ. ಅಲ್ಲಿ ಅಡುಗೆಮನೆ ನೆಲಕ್ಕೆ ಯಾರೂ ಬಕೆಟ್ ನೀರು ಸುರಿದು ಪೊರಕೆಯಲ್ಲಿ ತಳ್ಳುವುದಿಲ್ಲ. ನಮ್ಮಲ್ಲಿ ಹಬ್ಬದ ಹಿಂದಿನ ದಿನ ಸುರಿಯುತ್ತೇವೆ. ಆ ನೀರು ಕಪಾಟಿನ ಅಡಿಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ಯಾವ ಹಲಗೆಯೇ ಹಾಕಿಸಿ, ಕೆಳಗಿನ ಕಪಾಟನ್ನು ನೆಲಕ್ಕೆ ತಾಗಿಸಿ ಕೂರಿಸಬೇಡಿ. ಪ್ಲಾಸ್ಟಿಕ್ ಕಾಲಿನ ಮೇಲೆ ನಿಲ್ಲಿಸಿ, ಅಥವಾ ಗ್ರಾನೈಟ್ ಕಟ್ಟೆಯ ಮೇಲೆ. ನಮ್ಮ ಕರಾವಳಿಯ, ಮಲೆನಾಡಿನ ಹಳೇ ಅಡುಗೆಮನೆಗಳಲ್ಲಿ ಕಪಾಟಿನ ಅಡಿಗೆ ಕಟ್ಟೆ ಇರುತ್ತಿದ್ದದ್ದು ಸುಮ್ಮನೆ ಅಲ್ಲ.

ನೀರು ಆಯಿತು. ಎರಡನೇದು ಸ್ಕ್ರೂ. ಪ್ಲೈನಲ್ಲಿ ಸ್ಕ್ರೂ ಅಡ್ಡ ಉದ್ದ ಪದರಗಳನ್ನು ಕಚ್ಚಿ ಹಿಡಿಯುತ್ತದೆ, ಬಿಚ್ಚಿ ಮತ್ತೆ ಹಾಕಿದರೂ ಒಂದೆರಡು ಸಲ ತಡೆಯುತ್ತದೆ. ಪಾರ್ಟಿಕಲ್ ಬೋರ್ಡಿನಲ್ಲಿ ಒಂದು ಸಲ ಬಿಚ್ಚಿದರೆ ತೂತು ದೊಡ್ಡದಾಯಿತು ಅಂತಲೇ ಲೆಕ್ಕ. ಎಂಡಿಎಫ್ ಮುಖದ ಕಡೆಯಿಂದ ಪರವಾಗಿಲ್ಲ, ಅಂಚಿನ ಕಡೆಯಿಂದ ಹೊಡೆದರೆ ಇಬ್ಭಾಗ ಆಗುತ್ತದೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುವವರು ಇದನ್ನು ಯೋಚಿಸಬೇಕು: ನಿಮ್ಮ ಮಂಚ, ಕಪಾಟು ಎಷ್ಟು ಸಲ ಬಿಚ್ಚಿ ಕಟ್ಟಿಸಿಕೊಳ್ಳುತ್ತವೆ? ಎರಡು ವರ್ಷಕ್ಕೊಮ್ಮೆ ಮನೆ ಬದಲಾಯಿಸುವವರಿಗೆ ಪಾರ್ಟಿಕಲ್ ಬೋರ್ಡಿನ ಮಂಚ ಅಗ್ಗ ಅನ್ನಿಸುವುದು ಮೊದಲ ಮನೆಯಲ್ಲಿ ಮಾತ್ರ.

ಮೂರನೇದು ಬಾಗುವುದು. ಇಲ್ಲಿ ಎಲ್ಲರೂ ತಪ್ಪುವ ಒಂದು ಜಾಗ ಇದೆ. ಏಳು ಅಡಿ ಎತ್ತರದ ವಾರ್ಡ್‌ರೋಬ್ ಬಾಗಿಲಿಗೆ ದುಬಾರಿ ಪ್ಲೈ ಹಾಕಿಸುತ್ತಾರೆ, ಎರಡನೇ ಬೇಸಿಗೆಗೆ ಬಾಗಿಲು ಬಿಲ್ಲಿನ ಹಾಗೆ ಬಾಗಿ ಮೇಲಿನ ಮೂಲೆ ಹೊರಗೆ ನಿಲ್ಲುತ್ತದೆ. ಉದ್ದ ಬಾಗಿಲಿಗೆ ಬ್ಲಾಕ್‌ಬೋರ್ಡ್ ಒಳ್ಳೆಯದು. ಅದರ ಹೊಟ್ಟೆಯಲ್ಲಿ ಪೈನ್ ಮರದ ಪಟ್ಟಿಗಳನ್ನು ಪಕ್ಕ ಪಕ್ಕ ಜೋಡಿಸಿರುತ್ತಾರೆ, ಹಗುರ, ನೆಟ್ಟಗೆ ನಿಲ್ಲುತ್ತದೆ. ತೂಕದ ಲೆಕ್ಕವೂ ನೋಡಿ: 8 ಅಡಿ ಉದ್ದ 4 ಅಡಿ ಅಗಲದ 18 ಎಂಎಂ ಶೀಟು ಹಗುರ ಪ್ಲೈ ಆದರೆ ಸುಮಾರು 30 ಕೆಜಿ, ಎಂಡಿಎಫ್ ಆದರೆ 40ರ ಆಸುಪಾಸು, ಎಚ್‌ಡಿಎಚ್‌ಎಂಆರ್ ಆದರೆ 45. ಆ ಭಾರ ಎಲ್ಲ ದಿನಾ ನೇತಾಡುವುದು ನಾಲ್ಕು ಹಿಂಜ್ ಮೇಲೆ. ಹಾಗಾಗಿ ಸಣ್ಣ ಅಡುಗೆಮನೆ ಬಾಗಿಲಿಗೆ ಎಚ್‌ಡಿಎಚ್‌ಎಂಆರ್ ಚೆನ್ನ, ಉದ್ದ ವಾರ್ಡ್‌ರೋಬಿಗೆ ಬೇಡ. ಪುಸ್ತಕದ ಶೆಲ್ಫ್ ಆದರೆ, ಯಾವ ಹಲಗೆ ಆದರೂ ಎರಡೂವರೆ ಅಡಿಗಿಂತ ಉದ್ದ ಬಿಡಬೇಡಿ, ಮುಂದಿನ ಅಂಚಿಗೆ ಒಂದೂವರೆ ಇಂಚಿನ ಪಟ್ಟಿ ಹೊಡೆಸಿ. ಪಾರ್ಟಿಕಲ್ ಬೋರ್ಡ್ ಆದರೆ ಎರಡು ಅಡಿಗೇ ನಿಲ್ಲಿಸಿ. ಪುಸ್ತಕದ ಭಾರ ನಮಗೆ ಗೊತ್ತಾಗುವುದೇ ಮನೆ ಖಾಲಿ ಮಾಡುವಾಗ.

ಇನ್ನು ಮೇಲಿನ ಹಾಳೆ. ನಮ್ಮ ಕಡೆ ಇದಕ್ಕೆ ಮೈಕಾ ಅಂತಲೇ ಹೆಸರು, ಇದರಲ್ಲಿ ಅಭ್ರಕ ಒಂದು ಚೂರೂ ಇಲ್ಲ. 1912ರ ಸುಮಾರಿಗೆ ಅಮೆರಿಕದಲ್ಲಿ ಇಬ್ಬರು ಎಂಜಿನಿಯರುಗಳು ವಿದ್ಯುತ್ ಉಪಕರಣಗಳಲ್ಲಿ ಅಭ್ರಕದ ಬದಲಿಗೆ ಬಳಸಲು ಇಂಥ ಅಂಟು ಹಾಳೆ ಕಂಡುಹಿಡಿದರು. ಅಭ್ರಕದ ಬದಲಿಗೆ ಅನ್ನುವ ಅರ್ಥದಲ್ಲೇ ಫಾರ್ಮೈಕಾ ಅಂತ ಹೆಸರಿಟ್ಟರು. ಯಾವುದರ ಬದಲಿಗೆ ಬಂತೋ ಅದರ ಹೆಸರೇ ಅದಕ್ಕೆ ಅಂಟಿಕೊಂಡಿತು, ನೋಡಿ. ಹಾಳೆಯ ಒಳಗೆ ಇರುವುದು ಫಿನಾಲ್ ಅಂಟಲ್ಲಿ ನೆನೆಸಿದ ಕಂದು ಕ್ರಾಫ್ಟ್ ಕಾಗದದ ಪದರಗಳು, ಮೇಲೆ ಡಿಸೈನ್ ಛಾಪಿಸಿದ ಕಾಗದಕ್ಕೆ ಮೆಲಮೈನ್. ಬಿಳಿ ಬಾಗಿಲಿನ ಅಂಚಲ್ಲಿ ಕಾಣುವ ಕಪ್ಪು ಗೆರೆ ಆ ಕ್ರಾಫ್ಟ್ ಕಾಗದದ್ದು. ಅದು ಕೊಳೆ ಅಂತ ನಮ್ಮ ಅತ್ತೆ ಒಂದು ವಾರ ಉಜ್ಜಿದ್ದರು.

ದಪ್ಪದಲ್ಲಿ 0.8 ಎಂಎಂ, 1 ಎಂಎಂ ಅಂತ ಎರಡು ಸಿಗುತ್ತವೆ. ಹೊರಮುಖಕ್ಕೆ 1 ಎಂಎಂ ಹಾಕಿಸಿ, 0.8ರಲ್ಲಿ ಹಲಗೆಯ ಉಬ್ಬುತಗ್ಗು ಬೆಳಕಿಗೆ ಹಿಡಿದರೆ ಕಾಣುತ್ತದೆ. ಒಳಗಡೆ ಏನೂ ಬೇಡ, ಪೇಂಟ್ ಸಾಕು ಅನ್ನುವವರ ಮಾತು ಕೇಳಬೇಡಿ. ಒಂದು ಬದಿಗೆ ಮಾತ್ರ ಹಾಳೆ ಅಂಟಿಸಿದರೆ ಆ ಬದಿ ತೇವ ಹೀರುವುದಿಲ್ಲ, ಇನ್ನೊಂದು ಬದಿ ಹೀರುತ್ತದೆ, ಹಲಗೆ ಬಾಗುತ್ತದೆ. ಒಳಗೆ ತೆಳ್ಳನೆ ಲೈನರ್ ಆದರೂ ಇರಲೇಬೇಕು. ಇದು ಅಂದಕ್ಕೆ ಅಲ್ಲ, ತೂಗಿಸುವುದಕ್ಕೆ.

ಕಾರ್ಖಾನೆಯಿಂದಲೇ ಹಾಳೆ ಕೂತು ಬರುವ ಪ್ರೀ-ಲ್ಯಾಮ್ ಬೋರ್ಡು ಬೇರೆ ವಿಷಯ. ಅದರ ಮೇಲಿನದು ಒಂದೇ ಒಂದು ಮೆಲಮೈನ್ ಕಾಗದ, ಬಿಸಿ ಪ್ರೆಸ್ಸಿನಲ್ಲಿ ಕೂರಿಸಿದ್ದು. ಎದ್ದು ಬರುವುದಿಲ್ಲ, ಅದು ಒಳ್ಳೆಯ ಗುಣ. ಆಳವಾಗಿ ಗೀರಿದರೆ ಮಾತ್ರ ಕೆಳಗಿನ ಬೋರ್ಡು ಕಾಣುತ್ತದೆ. ಕಾರ್ಪೆಂಟರ್ ಮನೆಯಲ್ಲಿ ಕೂತು ಅಂಟಿಸುವ ಮೈಕಾ ಗೀರು ತಡೆಯುತ್ತದೆ, ಆದರೆ ಅಂಟು ಎಲ್ಲ ಕಡೆ ಸಮ ಬಳಿದು ರಾತ್ರಿಯಿಡೀ ಭಾರ ಹೇರಿಡದಿದ್ದರೆ ಮೂಲೆ ಏಳುತ್ತದೆ. ನಮ್ಮ ಮನೆಯಲ್ಲಿ ಎದ್ದ ಎರಡು ಮೂಲೆಗೂ ಕಾರಣ ಒಂದೇ, ಅವತ್ತು ಕೆಲಸದವರಿಗೆ ಬೇಗ ಬಸ್ ಹಿಡಿಯಬೇಕಿತ್ತು.

ಅಡುಗೆಮನೆಗೆ ಯಾವ ಮೇಲ್ಮೈ? ಹೊಳೆಯುವ ಕಪ್ಪು, ಕಡು ನೀಲಿ ಶೋರೂಮಿನಲ್ಲಿ ಕಣ್ಣು ಕುಕ್ಕುತ್ತದೆ, ಮನೆಯಲ್ಲಿ ಪ್ರತಿ ಬೆರಳಿನ ಗುರುತೂ ತೋರಿಸುತ್ತದೆ. ಮರದ ನಾರಿನ ಹಾಗೆ ಗೀರುಗೀರು ಇರುವ ಟೆಕ್ಸ್ಚರ್ ಕೈಗೆ ಹಿತ, ಆದರೆ ಆ ಗೀರಿನಲ್ಲಿ ಒಗ್ಗರಣೆಯ ಎಣ್ಣೆ, ಅರಿಶಿನ ಸೇರಿಕೊಂಡರೆ ಹಳೇ ಟೂತ್ ಬ್ರಶ್ ಹಿಡಿದು ಕೂರಬೇಕು. ಒಲೆಯ ಅಕ್ಕಪಕ್ಕ ತಿಳಿ ಬಣ್ಣದ ಮ್ಯಾಟ್ ಅಥವಾ ಸ್ವೀಡ್ ಹಾಕಿಸಿ, ಟೆಕ್ಸ್ಚರ್ ಏನಿದ್ದರೂ ಹಾಲಿಗೆ, ಟಿವಿ ಯೂನಿಟ್ಟಿಗೆ. ಅಕ್ರಿಲಿಕ್ ಕನ್ನಡಿಯ ಹಾಗೆ ಇರುತ್ತದೆ, ಬೆಲೆಯೂ ಹಾಗೇ ಇರುತ್ತದೆ, ಪಾತ್ರೆ ಉಜ್ಜುವ ಸ್ಕ್ರಬ್ಬರ್ ತಾಗಿದರೆ ಗೀರು. ಸಹಾಯಕ್ಕೆ ಬರುವವರಿಗೆ ಅದು ಗೊತ್ತಿರುವುದಿಲ್ಲ, ಅವರ ತಪ್ಪೂ ಅಲ್ಲ. ದೇವರ ಮನೆಯಲ್ಲಿ ದೀಪದ ನೇರ ಮೇಲೆ ಯಾವ ಮೈಕಾ ಶೆಲ್ಫೂ ಬೇಡ, ಬಿಸಿಗೆ ಗುಳ್ಳೆ ಏಳುತ್ತದೆ. ಅಲ್ಲಿ ಒಂದು ಗ್ರಾನೈಟ್ ತುಂಡು ಹಾಕಿಸಿ. ಜಾಲಿ ಕೊರೆಸುವುದಿದ್ದರೆ ಅದಕ್ಕೆ ಮಾತ್ರ ಎಂಡಿಎಫ್ ಬಿಟ್ಟರೆ ಬೇರೆ ಇಲ್ಲ. ಮಶೀನಿನಲ್ಲಿ ಕೊರೆದರೆ ಪ್ಲೈನ ಪದರ ಸಿಬಿರು ಏಳುತ್ತದೆ, ಎಂಡಿಎಫ್ ಬೆಲ್ಲ ಕತ್ತರಿಸಿದ ಹಾಗೆ ಕೊರೆಸಿಕೊಳ್ಳುತ್ತದೆ. ಪೇಂಟೂ ಚೆನ್ನಾಗಿ ಕೂರುತ್ತದೆ.

ಹೊಸ ಕಪಾಟು ತೆಗೆದರೆ ಕಣ್ಣು ಉರಿಯುವ ವಾಸನೆ ಬರುತ್ತದಲ್ಲ, ಅದು ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್. ಯೂರಿಯಾ ಅಂಟಿನ ಹಲಗೆಗಳಲ್ಲಿ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೆದರಿ ಕೂರಬೇಕಿಲ್ಲ. ಬೋರ್ಡು ತೆಗೆದುಕೊಳ್ಳುವಾಗ ಇ1 ಅಥವಾ ಇ0 (ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ದರ್ಜೆಗಳು) ಇದೆಯಾ ಕೇಳಿ, ಕೆಲಸ ಮುಗಿದ ಮೇಲೆ ಕೆಲವು ವಾರ ಬಾಗಿಲು ಕಿಟಕಿ ತೆಗೆದಿಡಿ, ಮಕ್ಕಳ ಕೋಣೆಗೆ ಗೃಹಪ್ರವೇಶದ ಮಾರನೇ ದಿನವೇ ಮಕ್ಕಳನ್ನು ಮಲಗಿಸಬೇಡಿ.

ಬಚ್ಚಲು ಮನೆಯ ಬಾಗಿಲಿಗೆ, ಚೌಕಟ್ಟಿಗೆ ಈಗ ಡಬ್ಲ್ಯುಪಿಸಿ ಬಂದಿದೆ, ಮರದ ಪುಡಿಯೂ ಪ್ಲಾಸ್ಟಿಕ್ಕೂ ಸೇರಿದ್ದು. ಗೆದ್ದಲು ತಿನ್ನುವುದಿಲ್ಲ, ನೀರು ಕುಡಿಯುವುದಿಲ್ಲ. ಸಿಂಕ್ ಕೆಳಗೂ ಆಗುತ್ತದೆ. ಆದರೆ ಭಾರ ಹೇರಿದ ಶೆಲ್ಫಿಗೆ, ಬಿಸಿಲು ಬೀಳುವ ಕಡೆ ಬೇಡ, ಬಾಗುತ್ತದೆ. ಗೆದ್ದಲಿನ ಮಾತು ಬಂತು ಅಂತ ಹೇಳುತ್ತೇನೆ: ಡಬ್ಲ್ಯುಪಿಸಿ ಬಿಟ್ಟರೆ, ಪ್ಲೈ ಆಗಲಿ, ಬೋರ್ಡು ಆಗಲಿ, ಮರದಿಂದ ಮಾಡಿದ್ದೆಲ್ಲ ಗೆದ್ದಲಿಗೆ ಊಟವೇ. ಕುಟ್ಟೆ ಹುಳಕ್ಕೆ ಅಂಟಿನಲ್ಲೇ ಔಷಧಿ ಬೆರೆಸಿದ ಪ್ಲೈ ಸಿಗುತ್ತದೆ, ತೆಗೆದುಕೊಳ್ಳಿ. ಗೆದ್ದಲಿಗೆ ಮದ್ದು ನೆಲಕ್ಕೆ, ಗೋಡೆಯ ಬುಡಕ್ಕೆ ಹೊಡೆಸಬೇಕು.

ಕೊನೆಗೆ ನಾನು ಬೆಂಗಳೂರಿನ ಮನೆಗೆ ಹಾಕಿಸಿದ್ದು ಹೀಗೆ. ಅಡುಗೆಮನೆಯ ಕೆಳಗಿನ ಕಪಾಟುಗಳ ಪೆಟ್ಟಿಗೆಗೆ 710 ಪ್ಲೈ. ಮೇಲಿನ ಕಪಾಟಿಗೂ ಅಡುಗೆಮನೆಯ ಎಲ್ಲ ಬಾಗಿಲಿಗೂ ಎಚ್‌ಡಿಎಚ್‌ಎಂಆರ್. ವಾರ್ಡ್‌ರೋಬಿನ ಪೆಟ್ಟಿಗೆ ಎಂಆರ್ ಪ್ಲೈ, ಬಾಗಿಲು ಬ್ಲಾಕ್‌ಬೋರ್ಡ್. ಟಿವಿ ಯೂನಿಟ್, ಮಗಳ ಮೇಜು ಪ್ರೀ-ಲ್ಯಾಮ್ ಪಾರ್ಟಿಕಲ್ ಬೋರ್ಡ್, ಹೌದು, ಅದೇ ರಸ್ಕ್. ಅಲ್ಲಿ ನೀರಿಲ್ಲ, ಭಾರ ಇಲ್ಲ, ಅವಳು ಕಾಲೇಜಿಗೆ ಹೋಗುವ ಹೊತ್ತಿಗೆ ಅವಳಿಗೇ ಬೇಜಾರು ಬಂದಿರುತ್ತದೆ. ಬಚ್ಚಲಿನ ಗೋಡೆಗೆ ತಾಗಿದ ಒಂದು ವಾರ್ಡ್‌ರೋಬಿಗೆ ಮಾತ್ರ ಹಿಂಬದಿಯ ಹಲಗೆ ಬಿಡಬ್ಲ್ಯುಪಿ ಹಾಕಿಸಿ, ಗೋಡೆಯಿಂದ ಒಂದು ಇಂಚು ಬಿಟ್ಟು ನಿಲ್ಲಿಸಿದೆ. ಮೈಕಾ ಒಂದೊಂದು ಬಣ್ಣಕ್ಕೂ ಒಂದು ಶೀಟು ಹೆಚ್ಚಿಗೆ ತರಿಸಿ, ಹಿಂಬದಿಯಲ್ಲಿ ಬ್ಯಾಚ್ ನಂಬರ್ ಬರೆದು ಅಟ್ಟದ ಮೇಲೆ ಇಟ್ಟಿದ್ದೇನೆ. ಬೇರೆ ಬ್ಯಾಚಿನದು ಅದೇ ಕೋಡ್ ಇದ್ದರೂ ಬಣ್ಣ ಕೂದಲೆಳೆ ಬೇರೆ ಬರುತ್ತದೆ, ಪಕ್ಕ ಪಕ್ಕ ಬಂದಾಗ ಅದೇ ಕಣ್ಣಿಗೆ ಹೊಡೆಯುತ್ತದೆ.

ಇದೇ ಪಟ್ಟಿ ತೀರ್ಥಹಳ್ಳಿಯ ಊರಮನೆಗೆ ನಡೆಯಲಿಲ್ಲ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಎಂಆರ್ ಪ್ಲೈ ಅಂತ ಬಾಯಿ ಬಿಡುವ ಮೊದಲೇ ಆಚಾರ್ರು "ಅದೆಲ್ಲ ನಿಮ್ಮ ಬೆಂಗಳೂರಿಗೆ ಸರಿ ಮಾರಾಯ್ರೆ" ಅಂದರು. ಎಲ್ಲದಕ್ಕೂ 710 ಆಯಿತು. ನಾನು ಬೆಂಗಳೂರಿನಿಂದ ಒಯ್ದ ಸ್ಯಾಂಪಲ್ ತುಂಡನ್ನು ಅವರು ಮೂಸಿ ನೋಡಿದರು, ಉಗುರಲ್ಲಿ ಅಂಚು ಕೆರೆದರು, ಬಿಐಎಸ್ ಆ್ಯಪ್ ತೋರಿಸಿದರೆ ಅದನ್ನು ಮಾತ್ರ ನೋಡಲಿಲ್ಲ. ಕೆಲಸ ಮುಗಿದ ದಿನ ಉಳಿದ ತುಂಡಲ್ಲಿ ಅಮ್ಮನಿಗೆ ಒಂದು ಮಣೆ ಮಾಡಿಕೊಟ್ಟರು. ಮೈಕಾ ಇಲ್ಲ, ಪೇಂಟ್ ಇಲ್ಲ, ಬರೀ ಪ್ಲೈ. ಅಮ್ಮ ಅದನ್ನು ಬಚ್ಚಲಲ್ಲಿ ಬಟ್ಟೆ ಒಗೆಯುವಾಗ ಕೂರಲು ಇಟ್ಟುಕೊಂಡಿದ್ದಾರೆ. ಎರಡು ಮಳೆಗಾಲ ದಿನಾ ನೀರಲ್ಲೇ ಇದೆ. ಹೋದ ತಿಂಗಳು ಹೋದಾಗ ತಿರುಗಿಸಿ ಅಂಚು ನೋಡಿದೆ, ಒಂದು ಪದರವೂ ಬಾಯಿ ಬಿಟ್ಟಿರಲಿಲ್ಲ.